ಈಜುಕೊಳದ ಮೂಲೆಯಲ್ಲಿ ಬಿಡಾರ ಹೂಡಿರುವ ಯಂತ್ರಮಹಾಶಯರಿಗೆ

ಮಾನ್ಯರೇ,

ಪೀಟರ್‌ಮಾರಿಟ್ಸ್‌ಬರ್ಗಿನ ಜಕರಾಂಡ ಮರಗಳೆಲ್ಲ ಹೂ ಸುರಿಸಿ ಧನ್ಯವಾಗಿರುವ ಈ ನವೆಂಬರಿನಲ್ಲಿ, ತಮ್ಮ ಪಾದಕ್ಕೂ, ಪಾದದ ಸುತ್ತಲಿನ ರಬ್ಬರ್ ಲಂಗಕ್ಕೂ, ತಮ್ಮನ್ನು ಪಂಪಿಗೆ ಜೋಡಿಸಿರುವ ಉದ್ದನೆಯ ಪೈಪಿಗೂ ನನ್ನ ವಿನಯಪೂರ್ವಕ ವಂದನೆಗಳು. ಮೂವತ್ತು ವರ್ಷ ನ್ಯಾಯಾಲಯದಲ್ಲಿ ದುಭಾಷಿಯಾಗಿ ಕಳ್ಳರ ಮಾತನ್ನು ನ್ಯಾಯಾಧೀಶರಿಗೂ, ನ್ಯಾಯಾಧೀಶರ ಮಾತನ್ನು ಕಳ್ಳರಿಗೂ ಮುಟ್ಟಿಸಿ ನಿವೃತ್ತನಾದ ನಾನು, ತಮ್ಮ ಮಾಲೀಕನೆಂದು ಕಾಗದದಲ್ಲಿ ಮಾತ್ರ ನಮೂದಾಗಿರುವ ಭೆಕಿಥೆಂಬಾ ಶೋಜಿ, ಈ ದೂರನ್ನು ಊರೆಲ್ಲ ಓದಲೆಂದು ಬರೆಯುತ್ತಿದ್ದೇನೆ.

ಮೊದಲಿಗೆ ತಮ್ಮ ನಿಷ್ಠೆಯನ್ನು ಕೊಂಡಾಡಬೇಕು. ಇಡೀ ಕೊಳದಲ್ಲಿ ತಿರುಗಾಡಿ ತಳದ ಕಸವನ್ನು ಹೀರಬೇಕಾದ ತಾವು, ಮೆಟ್ಟಿಲ ಪಕ್ಕದ ಒಂದು ಮೂಲೆಯನ್ನು ಆರಿಸಿಕೊಂಡು, ಅಕ್ಟೋಬರ್ ತಿಂಗಳು ಪೂರ್ತಿ ಟಕ್ ಟಕ್ ಎನ್ನುತ್ತ ಅದೊಂದನ್ನೇ ತಿಕ್ಕಿ ಕನ್ನಡಿ ಮಾಡಿದಿರಿ. ಉಳಿದ ಕೊಳ ಪಾಚಿಗಟ್ಟಿತು. ಇಷ್ಟು ಏಕಾಗ್ರತೆ ನನ್ನ ಸೇವಾವಧಿಯಲ್ಲಿ ಯಾವ ಗುಮಾಸ್ತನಲ್ಲೂ ನಾನು ಕಂಡಿರಲಿಲ್ಲ.

ಇದರಿಂದ ಯಾರಿಗೇನು ನಷ್ಟವೆಂದು ತಾವು ಕೇಳಬಹುದು. ಎಂಬತ್ತೊಂದು ವರ್ಷದ ನಮ್ಮ ಅತ್ತೆಯವರು (ಅಳಿಯನಾದ ನಾನು ಅವರ ಹೆಸರನ್ನು ಬರೆಯುವಂತಿಲ್ಲ) ಕೊನೆಗೂ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆಯಲು ಒಪ್ಪಿದ್ದರು. ಕೆಳಗಿನ ನದಿಗೆ ಈಗ ದನವೂ ಇಳಿಯುವುದಿಲ್ಲವಾದ್ದರಿಂದ ಪಾದ್ರಿ ಮಡೊಂಡೊ ಅವರು ನಮ್ಮ ಕೊಳವನ್ನೇ ಗೊತ್ತುಮಾಡಿ, ನವೆಂಬರಿನ ಮೊದಲ ಭಾನುವಾರವೆಂದು ಸಾರಿಬಿಟ್ಟರು. ಅತ್ತೆಯವರದು ಒಂದೇ ಷರತ್ತು: ನೀರಿನಲ್ಲಿ ನಿಂತಾಗ ಅವರ ಕಾಲ್ಬೆರಳು ಅವರಿಗೇ ಕಾಣಬೇಕು. ಕಾಣದಿದ್ದರೆ ದೀಕ್ಷೆಯೂ ಬೇಡ, ಅಳಿಯನ ಮನೆಯೂ ಬೇಡ ಎಂದು ಅವರು ಚೀಲ ಕಟ್ಟಿ ಬಾಗಿಲ ಬಳಿ ಇಟ್ಟುಕೊಂಡರು. ಆ ಚೀಲವನ್ನು ದಾಟಿ ಓಡಾಡುವಾಗಲೆಲ್ಲ ನನ್ನ ಹೆಂಡತಿ ಫಿಕಿಲೆ ನನ್ನನ್ನು ನೋಡುತ್ತಿದ್ದ ನೋಟಕ್ಕೆ ಯಾವ ಭಾಷೆಯಲ್ಲೂ ಅನುವಾದವಿಲ್ಲ.

ನಮ್ಮಲ್ಲಿ ಅತ್ತೆ ಅಳಿಯಂದಿರು ಮುಖಕ್ಕೆ ಮುಖ ಕೊಟ್ಟು ಮಾತಾಡುವ ಪದ್ಧತಿಯಿಲ್ಲವೆಂಬುದನ್ನು ತಾವು ಬಲ್ಲಿರಿ, ಏಕೆಂದರೆ ಅದರ ಲಾಭವೆಲ್ಲ ತಮಗೇ ಆಯಿತು. ಇಪ್ಪತ್ತಾರು ವರ್ಷದಿಂದ ಅತ್ತೆಯವರು ನನಗೆ ಹೇಳಬೇಕಾದದ್ದನ್ನು ಫಿಕಿಲೆಗೆ, ಅವಳಿಲ್ಲದಾಗ ನಾಯಿಗೆ, ಕಳೆದ ತಿಂಗಳು ಕೊಳದಂಚಿನ ಕುರ್ಚಿಯಲ್ಲಿ ಕೂತು ತಮಗೆ ಹೇಳುತ್ತಿದ್ದರು. "ಏ ಗುಡಿಸೋ ಮಾರಾಯ, ನಿನ್ನ ಯಜಮಾನಂಗೆ ಹೇಳು, ಈ ನೀರಲ್ಲಿ ಕಪ್ಪೆಗಳಿಗೆ ಬೇಕಾದ್ರೆ ದೀಕ್ಷೆ ಕೊಡ್ಲಿ!" ಎಂದು ಅವರು ಕೂಗಿದಾಗ ನಾನು ಮೂರೇ ಹೆಜ್ಜೆ ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದೆ. ಫಿಕಿಲೆ ಅಡುಗೆಮನೆಯ ಕಿಟಕಿಯಿಂದ, "ರೀ, ಅಮ್ಮ ಮೆಷಿನ್ನಿಗೆ ಹೇಳಿದ್ದು ಕೇಳಿಸ್ತಾ?" ಎಂದು ಅದಕ್ಕೆ ಮೊಹರು ಒತ್ತಿದಳು.

ನಾನೇನು ಸುಮ್ಮನಿದ್ದೆನೇ? ಪಂಪಿಗೆ ಕಸ ಹೋಗದಂತೆ ತಡೆಯುವ ಬುಟ್ಟಿಯಲ್ಲಿ ಕೊಳೆತ ಜಕರಾಂಡ ಹೂಗಳನ್ನು ಬಾಚಿ ತೆಗೆದೆ. ಪಂಪು ಗಾಳಿ ಎಳೆಯದಿರಲೆಂದು ಕೊಳಕ್ಕೆ ನೀರು ತುಂಬಿಸಿದೆ. ತಮ್ಮ ಹೊಟ್ಟೆಯೊಳಗೆ ಪಟಪಟ ಬಡಿದುಕೊಳ್ಳುವ ರಬ್ಬರ್ ಕವಾಟ ಸೀಳಿದೆಯೆಂದು ಹೊಸದನ್ನು ತಂದು ಹಾಕಿದೆ. ಸುರುಳಿ ಸುತ್ತಿಕೊಂಡಿದ್ದ ಪೈಪುಗಳನ್ನು ಬಿಚ್ಚಿ, ನೆಟ್ಟಗಾಗಲೆಂದು ಹುಲ್ಲಿನ ಮೇಲೆ ಎರಡು ದಿನ ಬಿಸಿಲಿಗೆ ಮಲಗಿಸಿ, ನಾನೂ ಕಾವಲು ಕೂತೆ. ಪ್ರತಿ ಚಿಕಿತ್ಸೆಯ ನಂತರವೂ ತಾವು ಹತ್ತು ನಿಮಿಷ ಉತ್ಸಾಹದಿಂದ ಸುತ್ತಾಡಿ, ನನ್ನ ಮುಖದಲ್ಲಿ ನಗು ಮೂಡುವುದನ್ನೇ ಕಾದು, ಮತ್ತೆ ಅದೇ ಮೂಲೆಗೆ ಹಿಂತಿರುಗಿದಿರಿ. ಭಾನುವಾರಗಳಂದಾದರೂ ಬೇರೆ ಮೂಲೆಗಳಿಗೆ ಸೌಜನ್ಯದ ಭೇಟಿ ಕೊಡಬೇಕೆಂದೂ, ಕೆಲಸ ಮಾಡಲು ಮನಸ್ಸಿಲ್ಲದ ದಿನ ಲಿಖಿತ ರಜೆಯರ್ಜಿ ಸಲ್ಲಿಸಬೇಕೆಂದೂ ಕೋರುತ್ತೇನೆ.

ಕೊನೆಗೆ ತಮ್ಮ ರೋಗವನ್ನು ಕಂಡುಹಿಡಿದವರು ಅತ್ತೆಯವರು. "ನಾನು ಹುಡುಗಿಯಾಗಿದ್ದಾಗ ಆಡು ಕಟ್ತಿದ್ದೆ ಕಣೋ," ಎಂದರು ತಮ್ಮನ್ನು ಉದ್ದೇಶಿಸಿ. "ಹಗ್ಗ ಜಾಸ್ತಿ ಬಿಟ್ರೆ ಕಾಲಿಗೆ ಸುತ್ಕೊಂಡು ಅಲ್ಲೇ ಒದ್ದಾಡೋದು. ನಿಂಗೂ ಹಗ್ಗ ಜಾಸ್ತಿ ಆಗಿದೆ. ಯಾರು ಕಟ್ಟಿದ್ರೋ ಅವರನ್ನೇ ಕೇಳು."

ಕಟ್ಟಿದವನು ನಾನೇ. ಪೈಪು ಉದ್ದವಾದಷ್ಟೂ ತಮಗೆ ಸ್ವಾತಂತ್ರ್ಯ ಹೆಚ್ಚೆಂದು ಯೋಚಿಸಿ, ಸೆಪ್ಟೆಂಬರಿನಲ್ಲಿ ಇಲ್ಲಿಯ ಚಳಿಗಾಲ ಮುಗಿದೊಡನೆ ನಾಲ್ಕು ತುಂಡು ಹೆಚ್ಚಿಗೆ ಜೋಡಿಸಿ, ಊಟದ ಮೇಜಿನಲ್ಲಿ ಕೊಚ್ಚಿಕೊಂಡೂ ಇದ್ದೆ. ಹೆಚ್ಚಾದ ಪೈಪು ನೀರಿನ ಮೇಲೆ ಬಾಗಿ ಬಾಗಿ ತಮ್ಮನ್ನು ಮೂಲೆಗೆ ನೂಕುತ್ತಿತ್ತು. ಒಪ್ಪಿಕೊಳ್ಳಲು ನನಗೆ ನಾಚಿಕೆಯಾಯಿತು. ಗುರುವಾರ ಚರ್ಚಿನ ತಾಯಂದಿರ ಪ್ರಾರ್ಥನೆಗೆಂದು ಅಮ್ಮ ಮಗಳಿಬ್ಬರೂ ಹೋದಾಗ ಆ ನಾಲ್ಕನ್ನೂ ಕಳಚಿ ಗ್ಯಾರೇಜಿನ ಹಿಂದೆ ಅಡಗಿಸಿ, ನೀರಿಗೆ ಪಾಚಿಯ ಔಷಧಿ ಸುರಿದು, ಫಿಕಿಲೆಗೆ "ಸುಮ್ನೆ ಒರೆಸಿಟ್ಟೆ ಅಷ್ಟೆ" ಎಂದೆ. ಶನಿವಾರ ಸಂಜೆಯೊಳಗೆ ತಾವು ಕೊಳದ ಉದ್ದಗಲವನ್ನೆಲ್ಲ ಗುಡಿಸಿದ್ದಿರಿ.

ಭಾನುವಾರ ತಮ್ಮನ್ನು ಹುಲ್ಲಿನ ಮೇಲೆ ಮಲಗಿಸಲಾಗಿತ್ತಾದ್ದರಿಂದ ಉಳಿದದ್ದನ್ನು ನಾನೇ ತಿಳಿಸಬೇಕು. ಅತ್ತೆಯವರು ಬಿಳಿ ನಿಲುವಂಗಿಯಲ್ಲಿ ಮೆಟ್ಟಿಲಿಳಿದು, ಹಾಡನ್ನು ಕೈಯೆತ್ತಿ ನಿಲ್ಲಿಸಿ, ಬಗ್ಗಿ ಬೆರಳುಗಳನ್ನು ಎಣಿಸಿದರು. ಹತ್ತೂ ಸಿಕ್ಕಿದವು. ಪಾದ್ರಿಗಳು ಮುಳುಗಿಸಿ ಎತ್ತಿದರು. ನಾನು ಪದ್ಧತಿಯಂತೆ ಗೋಡೆಗೆ ಮುಖಮಾಡಿ ಟವೆಲ್ ಹಿಡಿದು ನಿಂತಿದ್ದೆ. "ಹೊಸದಾಗಿ ಹುಟ್ಟಿದ್ಮೇಲೆ ಹಳೇ ನಾಚಿಕೆ ಎಂಥದು," ಎಂದು ಅತ್ತೆಯವರು ಎಲ್ಲರಿಗೂ ಕೇಳುವಂತೆ ಹೇಳಿ, ನೀರು ಸುರಿಸುತ್ತ ನನ್ನ ಎದುರಿಗೇ ಬಂದು ನಿಂತರು. "ಅಳಿಯಂದ್ರೇ, ಆ ನಾಲ್ಕು ಪೈಪು ಎಲ್ಲಿ ಬಚ್ಚಿಟ್ರಿ?"

ಇಪ್ಪತ್ತಾರು ವರ್ಷದಲ್ಲಿ ಅವರು ನನಗೇ ಆಡಿದ ಮೊದಲ ಮಾತು ಅದು. "ಗ್ಯಾರೇಜಿನ ಹಿಂದೆ, ಅತ್ತೆ," ಎಂದಷ್ಟೇ ಹೇಳಿ ಟವೆಲ್ ಕೊಟ್ಟೆ. ಬಾಗಿಲ ಬಳಿಯ ಚೀಲವನ್ನು ಫಿಕಿಲೆ ಆ ಮಧ್ಯಾಹ್ನವೇ ಬಿಚ್ಚಿದಳು. ಆದ್ದರಿಂದ ಮೇಲಿನ ದೂರುಗಳನ್ನೆಲ್ಲ ದಯಮಾಡಿ ಹಿಂಪಡೆದಂತೆ ಭಾವಿಸಬೇಕು.

ಇನ್ನು ಮುಂದೆ ಗಿಡ್ಡ ಪೈಪಿನ,
ತಮ್ಮ ವಿಶ್ವಾಸಿ,
ಭೆಕಿಥೆಂಬಾ ಶೋಜಿ

ಮರೆತ ಮಾತು: ಭಾನುವಾರದಿಂದ ಇಂದಿನ ಬುಧವಾರದವರೆಗೆ ಅತ್ತೆಯವರು ನನ್ನ ಗಡ್ಡ, ನಾನು ಕಾರು ಓಡಿಸುವ ರೀತಿ, ನಾನು ಚಹಾ ಸೋಸುವ ರೀತಿ ಮತ್ತು ನನ್ನ ತಮ್ಮಂದಿರ ಕುರಿತು, ನನಗೇ, ನೇರವಾಗಿ, ಬಿಡುವಿಲ್ಲದೆ ಹೇಳುತ್ತಿದ್ದಾರೆ. ನಾಳೆ ಗುರುವಾರ, ಇಬ್ಬರೂ ಪ್ರಾರ್ಥನೆಗೆ ಹೋಗುತ್ತಾರೆ. ಆ ನಾಲ್ಕು ಪೈಪುಗಳನ್ನು ನಾನು ಮತ್ತೆ ಜೋಡಿಸಿದರೆ, ತಾವು ಹಳೆಯ ಮೂಲೆಗೆ ಹೋಗಿ ನಿಂತು ಅತ್ತೆಯವರ ಗಮನ ಸೆಳೆಯಬೇಕಾಗಿ ವಿನಂತಿ. ಯಾರು ಜೋಡಿಸಿದರೆಂದು ಅವರು ವಿಚಾರಿಸಿದರೆ ಭಯಪಡಬೇಡಿ. ಈಗ ಅವರು ತಮ್ಮನ್ನು ಕೇಳುವುದಿಲ್ಲ, ನನ್ನನ್ನೇ ಕೇಳುತ್ತಾರೆ.