ಎಂಜಲು ಗಾಳಿ

ಕೆಲವರು ಹಾವಿಗೆ ಹೆದರುತ್ತಾರೆ, ಕೆಲವರು ಮೇಲಧಿಕಾರಿಗೆ. ನಾನು ಹೆದರುವುದು ಎಂಜಲಿಗೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ನಮ್ಮ ಮನೆಯಲ್ಲಿ ನೀರನ್ನು ಎತ್ತಿ ಕುಡಿಯುವುದು ಪದ್ಧತಿ. ತಂಬಿಗೆ ತುಟಿಗೆ ತಗುಲಿತೋ, ಅಜ್ಜಿ ಅದಕ್ಕೆ ಬೂದಿ ಹಚ್ಚಿ ತಿಕ್ಕುತ್ತ, ಜೊತೆಗೆ ನಮ್ಮನ್ನೂ ಮಾತಿನಲ್ಲಿ ತಿಕ್ಕಿಬಿಡುತ್ತಿದ್ದಳು. ಅಣ್ಣತಮ್ಮಂದಿರೆಲ್ಲ ದೊಡ್ಡವರಾಗುತ್ತ ಇದನ್ನು ಸಡಿಲ ಮಾಡಿಕೊಂಡರು, ನಾನು ಇನ್ನಷ್ಟು ಬಿಗಿ ಮಾಡಿಕೊಂಡೆ. ವಾಡಿ ಸ್ಟೇಷನ್ನಿನಲ್ಲಿ ಸುಡುಸುಡು ಚಹಾವನ್ನೂ ಎತ್ತಿ ಕುಡಿಯಲು ಹೋಗಿ ಗದ್ದ ಸುಟ್ಟುಕೊಂಡವನು ನಾನೊಬ್ಬನೇ ಇರಬೇಕು. ಮದುವೆಯ ಭೂಮದ ಊಟದಲ್ಲಿ ಹೆಂಡತಿ ಕಡಿದ ಉಂಡಿಯನ್ನು ನಾನೂ ಕಡಿಯಬೇಕಾಗಿ ಬಂದಾಗ, ಅದನ್ನು ಮೆಲ್ಲಗೆ ತಿರುಗಿಸಿ ಆಕೆಯ ಹಲ್ಲು ತಾಗದ ಕಡೆಯಿಂದ ಕಡಿದೆ. ಯಾರೂ ನೋಡಲಿಲ್ಲ ಎಂದುಕೊಂಡಿದ್ದೆ. ಹೆಂಡತಿ ನೋಡಿದ್ದಳು, ಇಂದಿಗೂ ಮರೆತಿಲ್ಲ.

ಇಂಥವನನ್ನು ನೀರಿನ ತಳಕ್ಕೆ ಇಳಿಸಿದ್ದು ನನ್ನದೇ ಬಡಾಯಿ. ಆಗ ನಾನು ಚಿತ್ತಾಪುರ ತಾಲ್ಲೂಕಿನ ಒಂದು ಕಾರ್ಖಾನೆಯಲ್ಲಿ ಸ್ಟೋರಿನ ಗುಮಾಸ್ತ. ಕಾರ್ಖಾನೆಗೆ ನೀರು ಬರುತ್ತಿದ್ದದ್ದು ಕಾಗಿಣಾ ನದಿಯಿಂದ. ಪ್ರತಿ ಮಳೆಗಾಲದಲ್ಲೂ ಪಂಪಿನ ಪೈಪಿನ ಬುಡದ ಜಾಲರಿಯಲ್ಲಿ ಕೆಸರು ತುಂಬಿಕೊಳ್ಳುತ್ತಿತ್ತು. ಮುಳುಗಿ ತೆಗೆಯುವವರು ಮುಂಬಯಿಯಿಂದ ಬರುವ ತನಕ ಎಲ್ಲರೂ ಆಕಾಶ ನೋಡುತ್ತ ಕೂಡಬೇಕು. ರೋಸಿಹೋದ ಮ್ಯಾನೇಜರು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರುಗಳನ್ನು ಎರಡು ಜೊತೆ ತರಿಸಿ, ಈಜು ಬಲ್ಲವರು ಯಾರು ಎಂದು ಕೇಳಿದರು. ನಾನು ಅದೇ ನದಿಯ ದಂಡೆಯ ದಂಡೋತಿ ಊರಿನವನು. ತುಂಬಿದ ಕಾಗಿಣೆಯನ್ನು ಈಜಿ ದಾಟಿದ್ದೇನೆ ಎಂದು ಕ್ಯಾಂಟೀನಿನಲ್ಲಿ ಎಷ್ಟೋ ಸಲ ಹೇಳಿದ್ದೆ. ದಾಟಿದ್ದು ನಿಜ, ಎಮ್ಮೆಯ ಬಾಲ ಹಿಡಿದುಕೊಂಡಿದ್ದನ್ನು ಮಾತ್ರ ಹೇಳಿರಲಿಲ್ಲ. ನನ್ನ ಹೆಸರು ಮೊದಲು ಬರೆದರು.

ಎರಡನೆಯ ಹೆಸರು ಮಕ್ಬೂಲ್ ಸಾಬರದು. ಒಳ್ಳೆಯ ಫಿಟ್ಟರ್, ಒಳ್ಳೆಯ ಈಜುಗಾರ, ಮಾತು ಕಡಿಮೆ. ಒಂಬತ್ತು ವರ್ಷದಿಂದ ಬದಲಿ ಕೆಲಸಗಾರರಾಗಿಯೇ ಇದ್ದರು. ಮೂರು ಹೆಣ್ಣುಮಕ್ಕಳ ತಂದೆ. ಈ ವಿದ್ಯೆಯಲ್ಲಿ ಪಾಸಾದರೆ ಕಾಯಂ ಮಾಡುತ್ತೇವೆ ಎಂದು ಮ್ಯಾನೇಜರು ಅವರಿಗೆ ಮಾತು ಕೊಟ್ಟರು. ಆದರೆ ನೀರಿಗೆ ಒಬ್ಬೊಬ್ಬರೇ ಇಳಿಯುವಂತಿಲ್ಲವಾದ್ದರಿಂದ ಪಾಸಾದರೆ ಜೋಡಿಯಾಗಿ, ಫೇಲಾದರೂ ಜೋಡಿಯಾಗಿ. ಹೀಗೆ ಆ ಮನುಷ್ಯನ ನೌಕರಿ ನನ್ನ ಬಾಯಿಗೆ ಬಂದು ಕೂತಿತು.

ಬಾಯಿಗೆ ಎಂದೆನಲ್ಲ, ಅದು ಹೇಗೆಂದು ಹೇಳುತ್ತೇನೆ. ಗಾಳಿ ಬರುವ ನಳಿಕೆಯ ತುದಿಗೆ ಒಂದು ರಬ್ಬರಿನ ತುಂಡು ಇರುತ್ತದೆ, ಮೌತ್‌ಪೀಸ್. ಅದನ್ನು ಹಲ್ಲಿನಲ್ಲಿ ಕಚ್ಚಿ, ತುಟಿಯಿಂದ ಮುಚ್ಚಿ, ಬಾಯಿಯಿಂದಲೇ ಉಸಿರಾಡಬೇಕು. ಪೆಟ್ಟಿಗೆ ಒಡೆದ ದಿನವೇ ನಾನು ನನ್ನದಕ್ಕೆ ಬಿಳಿ ದಾರ ಕಟ್ಟಿ ಗುರುತು ಮಾಡಿಕೊಂಡೆ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಯೊಂದರಲ್ಲಿ ತಿಳಿನೀರು ನಿಂತಿತ್ತು. ಅಲ್ಲಿ ನಮಗೆ ಕಲಿಸಲು ಬಂದವರು ನಾಯಕ್ ಮಾಸ್ತರು, ನೌಕಾಪಡೆಯಿಂದ ನಿವೃತ್ತರಾದ ಕಾರವಾರದವರು. ಎರಡು ದಿನ ಎಲ್ಲ ಸುಖವಾಗಿತ್ತು. ಮೂರನೆಯ ದಿನ ಅವರು ಬಾಂಬು ಹಾಕಿದರು.

"ನೀರೊಳಗೆ ಒಬ್ಬನ ಗಾಳಿ ಮುಗಿದರೆ ಇನ್ನೊಬ್ಬನ ಮೌತ್‌ಪೀಸಿನಿಂದಲೇ ಇಬ್ಬರೂ ಬದುಕಬೇಕು. ಎರಡು ಉಸಿರು ತಗೊಳ್ಳೋದು, ಕೊಡೋದು. ಅವನು ಎರಡು, ನೀವು ಎರಡು. ತಗೊಂಡು ವಾಪಸ್ ಕೊಡದವನನ್ನು ನಾನು ಪಾಸ್ ಮಾಡೋದಿಲ್ಲ."

ನಾನು ತಕ್ಷಣ ಕೈ ಎತ್ತಿದೆ. "ಒಂದೇ ಸಿಲಿಂಡರಿಗೆ ಎರಡು ಮೌತ್‌ಪೀಸ್ ಹಚ್ಚಿಸಿದ್ರ ಹ್ಯಾಂಗ್ರಿ? ಇವತ್ತೇ ಇಂಡೆಂಟ್ ಹಾಕ್ತೀನಿ" ಎಂದೆ.

"ಅದು ಬರುವ ತನಕ ತಳದಲ್ಲಿ ಉಸಿರು ಹಿಡಿದು ಕೂತಿರ್ತೀರಾ?" ಎಂದರು ಮಾಸ್ತರು.

ಎದೆಮಟ್ಟದ ನೀರಿನಲ್ಲಿ ಮುಳುಗಿ ಅಭ್ಯಾಸ ಶುರುವಾಯಿತು. ಮಕ್ಬೂಲ್ ಸಾಬರು ಎರಡು ಉಸಿರೆಳೆದು ತಮ್ಮದನ್ನು ನನ್ನ ಕಡೆ ಚಾಚಿದರು. ನಾನು ಏನು ಮಾಡಿದೆ ಗೊತ್ತೇ? ಅದನ್ನು ಬಾಯಿಯಿಂದ ಎರಡು ಬೆರಳು ಮೇಲಕ್ಕೆ ಹಿಡಿದು, ಕತ್ತು ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದೆ. ನೀರು ಕುಡಿದಂತೆ ಗಾಳಿಯನ್ನೂ ಎತ್ತಿ ಕುಡಿಯುವ ಉಪಾಯ. ತಂಬಿಗೆಯ ನೀರು ಕೆಳಕ್ಕೆ ಬೀಳುತ್ತದೆ, ನೀರೊಳಗಿನ ಗಾಳಿ ಮೇಲಕ್ಕೆ ಹೋಗುತ್ತದೆ ಎಂಬುದು ಹೊಳೆದಿರಲಿಲ್ಲ. ಗುಳ್ಳೆಗಳು ಆಕಾಶದ ದಾರಿ ಹಿಡಿದವು, ಖಣಿಯ ನೀರು ನನ್ನ ಗಂಟಲಿನ ದಾರಿ ಹಿಡಿಯಿತು. ಮರುದಿನ ಕರ್ಚೀಫು ತೆಗೆದುಕೊಂಡು ಹೋದೆ. ನೀರಿನೊಳಗೆ ನಿಂತು, ಒದ್ದೆ ರಬ್ಬರನ್ನು ಒದ್ದೆ ಕರ್ಚೀಫಿನಿಂದ ಮೂರು ಸಲ ಒರೆಸಿ, ಆಮೇಲೆ ಬಾಯಿಗಿಟ್ಟುಕೊಂಡೆ. ಅಷ್ಟು ಹೊತ್ತೂ ಸಾಬರು ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

ಅವರಿಗೆ ಜರ್ದಾ ಪಾನಿನ ಚಟವಿತ್ತು. ಕರ್ಚೀಫಿನ ಮರುದಿನ ನೋಡಿದರೆ ಹಲ್ಲು ತಿಕ್ಕಿ ತಿಕ್ಕಿ ಬೆಳ್ಳಗಾಗಿದೆ, ಬಾಯಿಂದ ಲವಂಗದ ವಾಸನೆ.

"ಪಾನ್ ಬಿಟ್ಟೀನ್ರಿ ರಾಯರ" ಎಂದರು. "ನಿಮಗ ತ್ರಾಸ್ ಆಗಬಾರ್ದಂತ."

ನಾನು ನಾಚಿಕೆಯಿಂದ ಭೂಮಿಗಿಳಿದು ಹೋದೆ. "ಸಾಬ್ರ, ಇದು ನಿಮ್ಮೊಬ್ಬರ ಮಾತಲ್ರಿ. ನನ್ನ ಹೇಣ್ತಿ ಎಂಜಲ ಸುದ್ದಾ ನನಗ ಆಗಂಗಿಲ್ಲ" ಎಂದೆ.

"ಗೊತ್ತದ್ರಿ. ಫಿಕರ್ ಮಾಡಬ್ಯಾಡ್ರಿ" ಎಂದು ನಕ್ಕರು. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಉಂಡಿಯನ್ನು ತಿರುಗಿಸಿದ್ದು ಒಂದೇ ಸಲ, ಮೌತ್‌ಪೀಸನ್ನು ಒರೆಸಿದ್ದು ಮೂರು ಸಲ. ಆ ಹೆಚ್ಚಿನ ಎರಡು ಸಲ ಯಾತಕ್ಕೆ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿದ್ದಿರಬೇಕು.

ಪರೀಕ್ಷೆಯ ದಿನ ಬೆಳಗಿನ ಅಭ್ಯಾಸದಲ್ಲಿ ನನ್ನ ಮೌತ್‌ಪೀಸನ್ನು ಸಾಬರು ಬಾಯಿಗಿಡಬೇಕಾಯಿತು. ನನ್ನ ದಾರ ಕಟ್ಟಿದ ಮೌತ್‌ಪೀಸು! ಅದರ ಹಿಂದೊಂದು ಗುಂಡಿ ಇದೆ. ಒತ್ತಿದರೆ ಸಿಲಿಂಡರಿನ ಗಾಳಿ ಜೋರಾಗಿ ನುಗ್ಗಿ ಒಳಗಿದ್ದದ್ದನ್ನೆಲ್ಲ ಹೊರಗೆ ತಳ್ಳುತ್ತದೆ. ನಾನು ಕಲ್ಲಿನ ರಾಶಿಯ ಹಿಂದೆ ಹೋಗಿ ಕೂತು, ಗುಂಡಿ ಒತ್ತಿ ತೊಳೆದೆ, ಮತ್ತೆ ಒತ್ತಿದೆ, ಮನಸ್ಸು ಒಪ್ಪುವ ತನಕ ಒತ್ತಿದೆ. ನನ್ನ ಮನಸ್ಸು ಬೇಗ ಒಪ್ಪುವಂಥದ್ದಲ್ಲ.

"ರಾಯರ, ಅದೇನು ಬುಸ್ ಅನ್ನಾಕತ್ತದ? ಹಾವು ಅದ ಏನ್ರಿ?" ಎಂದು ಸಾಬರು ಆಚೆಯಿಂದ ಕೂಗಿದರು.

"ಟೆಸ್ಟ್ ಮಾಡಾಕತ್ತೀನ್ರಿ" ಎಂದೆ.

ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಮುಳ್ಳು ಆ ಸಿಲಿಂಡರುಗಳಿಗೆ ಇರಲಿಲ್ಲ. ಪರೀಕ್ಷೆ ಶುರುವಾಯಿತು, ಮಾಸ್ತರು ದಂಡೆಯ ಮೇಲೆ ಹಗ್ಗ ಹಿಡಿದು ಕೂತರು. ನಾವು ಮೂರಾಳು ಆಳದ ತಳಕ್ಕಿಳಿದು, ಅಲ್ಲಿಟ್ಟಿದ್ದ ಕಬ್ಬಿಣದ ಬಳೆಯನ್ನು ತಂದು, ದಾರಿಯಲ್ಲಿ ಎರಡೆರಡು ಉಸಿರು ಹಂಚಿಕೊಂಡು ಮೇಲೆ ಬರಬೇಕು. ಬಳೆ ಸಿಕ್ಕಿತು. ಅದನ್ನು ಎತ್ತುವ ಹೊತ್ತಿಗೆ ನನ್ನ ಗಾಳಿ ಬಿಗಿಯಾಯಿತು. ಎಳೆದೆ, ಬರಲಿಲ್ಲ. ಇನ್ನೊಮ್ಮೆ ಎಳೆದೆ, ರಬ್ಬರು ಒಣಗಿದ ಕೆಚ್ಚಲಿನಂತೆ ಸುಮ್ಮನಿತ್ತು. ಕಣ್ಣ ಮುಂದೆ ಮಗಳ ಮುಖ ಬಂತು. ಸಾಯುತ್ತೇನೆ ಎಂದು ಖಾತ್ರಿಯಾಗಿ ಗಾಳಿ ಮುಗಿಯಿತು ಎಂದು ಮಾಸ್ತರು ಕಲಿಸಿದ ಸನ್ನೆಯಂತೆ ಕತ್ತಿನ ಮೇಲೆ ಅಡ್ಡಲಾಗಿ ಕೈ ಆಡಿಸಿದೆ.

ಸಾಬರು ತಮ್ಮದನ್ನು ಬಾಯಿಂದ ತೆಗೆದು ಕೊಟ್ಟರು. ಕರ್ಚೀಫು ಜೇಬಿನಲ್ಲೇ ಇತ್ತು, ಅದೆಲ್ಲ ಆಮೇಲೆ ನೆನಪಾದದ್ದು. ಕಸಿದುಕೊಂಡು ಕಚ್ಚಿದೆ. ಒಂದು ಉಸಿರು. ಎರಡು. ಮೂರು. ಜೀವಮಾನದಲ್ಲಿ ಅಷ್ಟು ರುಚಿಯಾದದ್ದನ್ನು ನಾನು ಬಾಯಿಗೆ ಹಾಕಿಕೊಂಡಿರಲಿಲ್ಲ. ಐದು. ಸಾಬರು ಭುಜ ತಟ್ಟಿದರು. ಆರು. ಕೈ ಚಾಚಿದರು. ನಾನು ಆ ಕೈಯನ್ನು ದೂಡಿದೆ. ಹೌದು, ದೂಡಿದೆ. ಅವರು ಜಗಳವಾಡಲಿಲ್ಲ. ನನ್ನ ತೋಳಿನ ಕೆಳಗೆ ಕೈ ಹಾಕಿ, ಉಳಿದ ಉಸಿರನ್ನು ಸಣ್ಣಗೆ ಬಿಡುತ್ತ, ಮೂರಾಳು ನೀರನ್ನು ಬರಿಬಾಯಲ್ಲಿ ಹತ್ತಿ ನನ್ನನ್ನು ಮೇಲೆ ತಂದರು.

ದಂಡೆಯಲ್ಲಿ ಅವರು ಅಂಗಾತ ಬಿದ್ದು ಕೆಮ್ಮುತ್ತಿದ್ದರು. ನಾನು ಬಿಸಿಲಲ್ಲಿ, ಎಷ್ಟು ಬೇಕಾದರೂ ಗಾಳಿ ಇರುವಲ್ಲಿ, ಅವರ ಮೌತ್‌ಪೀಸನ್ನು ಕಚ್ಚಿಕೊಂಡೇ ಕೂತಿದ್ದೆ. ಮಾಸ್ತರೇ ಬಂದು ಎಳೆದು ತೆಗೆಯಬೇಕಾಯಿತು.

"ಕೆಳಗೆ ಏನಾಯ್ತು? ರಾಯರು ವಾಪಸ್ ಕೊಟ್ಟರಾ?" ಎಂದು ಮಾಸ್ತರು ಸಾಬರನ್ನು ಕೇಳಿದರು.

ಸಾಬರು ಕೆಮ್ಮು ನಿಲ್ಲಿಸಿ ನನ್ನನ್ನೊಮ್ಮೆ ನೋಡಿದರು. "ಎರಡೆರಡು ತಗೊಂಡೀವ್ರಿ. ರಾಯರು ಎಣಿಸಿ ಎಣಿಸಿ ಕೊಟ್ಟಾರ" ಎಂದರು.

ಇಬ್ಬರೂ ಪಾಸಾದೆವು. ಸಾಬರು ಕಾಯಂ ಆದರು. ಪಾಪ, ನೌಕರಿಗಾಗಿ ಸುಳ್ಳು ಹೇಳಿದರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ಮೂರು ತಿಂಗಳು ಬಾಳಿಕೆ ಬಂತು. ಒಂದು ದಿನ ಹೆಂಡತಿ ಸಂತೆಯಲ್ಲಿ ಸಾಬರ ಮನೆಯವರನ್ನು ಕಂಡು ಬಂದಳು. ಕಾಯಂ ಆದ ಮೇಲೂ, ಯಾರೂ ಕೇಳದಿದ್ದರೂ, ಮನೆಗೆ ಬಂದವರಿಗೆಲ್ಲ ಸಾಬರು ಅದನ್ನೇ ಹೇಳುತ್ತಾರಂತೆ.

"ಅಷ್ಟು ಆಪತ್ತಿನ್ಯಾಗೂ ಎರಡೇ ಉಸುರು ತಗೊಂಡು ಅವ್ರಿಗಿ ವಾಪಸ್ ಕೊಟ್ರಂತ್ರಿ ನೀವು. ಖರೇನ?" ಎಂದಳು. ಮದುವೆಯಾಗಿ ಎಂಟು ವರ್ಷದಲ್ಲಿ ಆಕೆ ನನ್ನನ್ನು ಅಷ್ಟು ಅಭಿಮಾನದಿಂದ ನೋಡಿದ್ದು ಅದೇ ಮೊದಲು.

"ಹೌದು, ಎರಡೇ" ಎಂದೆ. ಮಕ್ಬೂಲ್ ಸಾಬರು ಕೊಟ್ಟದ್ದನ್ನು ನಾನು ಎರಡನೆಯ ಸಲವೂ ವಾಪಸ್ ಕೊಡಲಿಲ್ಲ.