ಹಾರುವ ಹಕ್ಕಿ, ನೆಗೆಯುವ ನಾಯಿ, ಒಂದೇ ಪ್ಲೇಟು

ಹಾಸನದಲ್ಲಿ ನನ್ನದೊಂದು ಫೋಟೋ ಅಂಗಡಿ ಇತ್ತು. ಒಳಗೆ ಕೂತವರ ಚಿತ್ರ ತೆಗೆದಷ್ಟು ದಿನ ನೆಮ್ಮದಿಯಾಗಿದ್ದೆ. ಕ್ಯಾಮರಾ ಹೊತ್ತು ಹೊರಗೆ ಹೊರಟರೆ ಮಾತ್ರ ಏನಾದರೊಂದು ಆಗದೆ ಇರುತ್ತಿರಲಿಲ್ಲ.

ಯುದ್ಧದ ಕಾಲ. ಚಿತ್ರ ಮೂಡಿಸುವ ಗಾಜಿನ ಪ್ಲೇಟುಗಳು ಬರುವುದು ನಿಂತೇಹೋಗಿತ್ತು. ವೇಗದ ಚಿತ್ರಕ್ಕೆ ಆಗುವಂಥ ಪ್ಲೇಟು ನನ್ನ ಬಳಿ ಒಂದೇ ಉಳಿದಿತ್ತು. ಮೈಸೂರಿನ ಪ್ರದರ್ಶನಕ್ಕೆ ಚಲಿಸುವ ಪ್ರಾಣಿಯದೊಂದು ಚಿತ್ರ ಕಳಿಸಬೇಕೆಂಬುದು ನನ್ನ ಬಹುದಿನದ ಆಸೆ. ಆ ಒಂದರಲ್ಲೇ ಅದು ಈಡೇರಬೇಕಿತ್ತು.

ಹೊಳೆನರಸೀಪುರದ ಬೆಳ್ಳಕ್ಕಿ

ನದಿಯಾಚೆಯ ಹೊಲದಲ್ಲಿ ಒಬ್ಬ ರೈತ ಉಳುತ್ತಿದ್ದ. ನೇಗಿಲ ಹಿಂದೆಯೇ ಬೆಳ್ಳಕ್ಕಿಗಳು ಹುಳು ಹೆಕ್ಕುತ್ತ, ಹಾರುತ್ತ, ಇಳಿಯುತ್ತ ಬರುತ್ತಿದ್ದವು. ಕ್ಯಾಮರಾದ ಮುಕ್ಕಾಲಿ ನಿಲ್ಲಿಸಿದೆ. ರೈತ ಕ್ಯಾಮರಾ ಕಂಡವನೇ ಎತ್ತುಗಳನ್ನು ನಿಲ್ಲಿಸಿ, ಮುಖ ಒರೆಸಿಕೊಂಡು, ಕೈ ಇಳಿಬಿಟ್ಟು ಕಂಬದಂತೆ ನಿಂತ. ಹಕ್ಕಿಗಳು ಪಕ್ಕದ ಹೊಲಕ್ಕೆ ಹೋದವು.

"ನಿಲ್ಲಬೇಡಯ್ಯ, ಉಳುತ್ತಾ ಇರು."

"ಪಟ ತೆಗೆಯೋವಾಗ ಅಲ್ಲಾಡ್ಬಾರ್ದು ಅಂತ ನಂಗೊತ್ತಿಲ್ವಾ ಸಾ? ನಮ್ಮಣ್ಣನ ಮದ್ವೇಲಿ ತೆಗೆಸಿವ್ನಿ."

"ನನಗೆ ಬೇಕಾದದ್ದು ಹಕ್ಕಿ."

ಅವನ ಮುಖ ಸಣ್ಣದಾಯಿತು. "ಒಲ ನಂದು, ಎತ್ತು ನಂದು, ಪಟ ಮಾತ್ರ ಬೆಳ್ಳಕ್ಕೀದಾ?"

ಚನ್ನರಾಯಪಟ್ಟಣದ ಮಿಂಚುಳ್ಳಿ

ಕೆರೆಯ ಅಂಚಿನಲ್ಲಿ ನೆಟ್ಟಿದ್ದ ಕೋಲೊಂದರ ಮೇಲೆ ಮಿಂಚುಳ್ಳಿ ದಿನವೂ ಬಂದು ಕೂರುತ್ತಿತ್ತು. ಅದು ಮೀನಿಗೆ ಧುಮುಕುವಾಗ ಹಿಡಿಯಬೇಕೆಂದು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಫೋಕಸ್ ಸರಿಮಾಡುತ್ತಿದ್ದೆ. ಬಿಸಿಲೇರಿತು. ಇನ್ನೇನು ತಲೆ ತೆಗೆದು ಪ್ಲೇಟು ಹಾಕಬೇಕು, ಹಿಂದಿನಿಂದ ಯಾರೋ ಬಟ್ಟೆ ಎತ್ತಿದರು. ಗಾಬರಿಯಿಂದ ತಿರುಗಿದೆ. ಬೆನ್ನ ಹಿಂದೆ ನೀರು ಬುಳಕ್ ಎಂದಿತು.

ಎದುರಿಗೆ ಒಬ್ಬ ಮುದುಕಿ. ನಾನು ಜ್ವರಕ್ಕೆ ಮುಸುಕು ಹಾಕಿಕೊಂಡು ಆವಿ ತೆಗೆದುಕೊಳ್ಳುತ್ತಿದ್ದೇನೆ ಎಂದು ಆಕೆ ತಿಳಿದಿದ್ದಳು.

"ಬೆವರು ಬಂತಾ, ಮಗಾ?"

ಬಂದಿತ್ತು.

ಅರಕಲಗೂಡಿನ ನಾಯಿ

ಅಲ್ಲಿಯ ಹಳ್ಳಿಯೊಂದರ ಪಟೇಲರ ನಾಯಿ ಆಳೆತ್ತರ ನೆಗೆಯುತ್ತದೆ ಎಂದು ಕೇಳಿ ಹೋದೆ. ಪಟೇಲರು ಕೋಟು ತೊಟ್ಟು, ಸರಿಗೆ ಪೇಟ ಸುತ್ತಿಕೊಂಡು ಅಂಗಳಕ್ಕೆ ಬಂದರು. ಅವರು ಅಕ್ಕಿರೊಟ್ಟಿ ಎತ್ತಿ ಹಿಡಿಯಬೇಕು, ನಾನು ಹೇಳಿದಾಗ ದೂರ ಎಸೆಯಬೇಕು, ನಾಯಿ ನೆಗೆಯಬೇಕು. ಹೀಗೆಂದು ಮಾತಾಯಿತು.

ಪ್ಲೇಟು ಹಾಕಿದೆ. ಒತ್ತಿದರೆ ಚಿತ್ರ ಬೀಳುವ ರಬ್ಬರ್ ಬುರುಡೆ ಕೈಯಲ್ಲಿ ಹಿಡಿದೆ. "ಎಸೆಯಿರಿ" ಎನ್ನಬೇಕು. ಅಂಗಡಿಯಲ್ಲಿ ಎಷ್ಟೋ ವರ್ಷದಿಂದ ಹೇಳುತ್ತ ಬಂದ ಮಾತೇ ಬಾಯಿಂದ ಬಂತು: "ಅಲ್ಲಾಡಬೇಡಿ!"

ಪಟೇಲರು ರೊಟ್ಟಿ ಎತ್ತಿ ಹಿಡಿದಂತೆಯೇ ಕಲ್ಲಾದರು. ನಾಯಿ ಕಾಯಿತು, ಕುಂಯ್‌ಗುಟ್ಟಿತು, ಕೊನೆಗೆ ತಾನೇ ನೆಗೆಯಿತು. ರೊಟ್ಟಿ ತಪ್ಪಿ ಪೇಟ ಬಾಯಿಗೆ ಸಿಕ್ಕಿತು. ನಾನು ಬುರುಡೆ ಒತ್ತಿದೆ. ಪಟೇಲರು ರೆಪ್ಪೆಯನ್ನೂ ಮಿಟುಕಿಸಲಿಲ್ಲ. ತುಟಿ ಅಲುಗಿಸದೆ ಕೇಳಿದರು: "ಆಯ್ತಾ, ಸ್ವಾಮಿ?"

"ಆಯಿತು."

ಆಮೇಲೆ ನಾಯಿಯ ಹಿಂದೆ ಓಟ ಕಿತ್ತರು. "ಲೇ, ಪೇಟ ಬುಡ್ಲಾ! ಬುಡ್ಲಾ ಅಂದ್ರೆ!"

ಹಾಸನಕ್ಕೆ ಬಂದು ಪ್ಲೇಟು ತೊಳೆದೆ. ನಾಯಿಯ ನಾಲ್ಕೂ ಕಾಲು ನೆಲ ಬಿಟ್ಟಿವೆ. ಬಿಚ್ಚಿಕೊಂಡ ಪೇಟ ಗಾಳಿಯಲ್ಲಿ ಹಾರುತ್ತಿದೆ. ನಾನು ಬಯಸಿದ್ದ ಚಿತ್ರ ಇದೇ. ಆದರೆ ಮರ್ಯಾದಸ್ಥರ ಪೇಟ ನಾಯಿಯ ಬಾಯಲ್ಲಿದೆ. ಅವರು ಒಪ್ಪದೆ ಕಳಿಸುವ ಹಾಗಿಲ್ಲ.

ಪ್ರತಿ ತೆಗೆದುಕೊಂಡು ಹೋಗಿ ಪ್ರದರ್ಶನದ ಸಂಗತಿ ಹೇಳಿದೆ. ಪಟೇಲರು ಬಹಳ ಹೊತ್ತು ನೋಡಿದರು. ಬಾಗಿಲ ಹಿಂದೆ ಹೆಂಗಸರು ಸೆರಗು ಬಾಯಿಗೊತ್ತಿಕೊಂಡಿದ್ದರು.

"ಮೈಸೂರ್ನಾಗೆ ಎಲ್ಲಾರೂ ನೋಡ್ತಾರಾ?"

"ನೋಡುತ್ತಾರೆ."

ಅವರು ಚಿತ್ರವನ್ನು ಹಿಂದಕ್ಕೆ ಕೊಟ್ಟರು.

"ಕಳ್ಸಿ. ಆದ್ರೆ ಕೆಳಗೊಂದ್ ಮಾತು ಬರೀರಿ ಸ್ವಾಮಿ. ಅಲ್ಲಾಡಿದ್ದು ನಾಯಿ, ಪಟೇಲರಲ್ಲ ಅಂತ."