ಸ್ಕೂಲು ಹುಡುಕಿಕೊಂಡು ಟಾಂಜಾನಿಯಾಕ್ಕೆ ಹೋಗಿ ಚಳ್ಳಕೆರೆಗೆ ಬಂದದ್ದು

ನಮ್ಮ ಮನೆಯಲ್ಲಿ ನಗುವಂಥ ಪ್ರಸಂಗಗಳಿಗೆ ಬರವಿಲ್ಲ. ಆದರೆ ಅವು ಬರುವುದು ಅಳು ಬರುವ ಹೊತ್ತಿಗೇ. ನೆಂಟರು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, "ಇನ್ನೊಂದು ಹೇಳಮ್ಮ" ಅನ್ನುತ್ತಾರೆ. ಹೇಳುವವಳು ನಾನು. ಅನುಭವಿಸಿದವಳೂ ನಾನೇ ಅನ್ನುವುದು ಅವರಿಗೆ ನೆನಪಿರುವುದಿಲ್ಲ.

ನನ್ನ ತವರು ಮೊಳಕಾಲ್ಮೂರು, ಸೇರಿದ ಮನೆ ಚಳ್ಳಕೆರೆ. ಗಂಡ ಎಣ್ಣೆ ಮಿಲ್ಲಿನ ಫಿಟ್ಟರ್. ಇಲ್ಲಿ ಅವರಿದ್ದ ಮಿಲ್ಲು ಬಾಗಿಲು ಹಾಕಿದ ಮೇಲೆ ಟಾಂಜಾನಿಯಾದ ಒಂದು ಸೂರ್ಯಕಾಂತಿ ಎಣ್ಣೆ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ಹೆಂಡತಿ ಮಕ್ಕಳಿಗೆ ವೀಸಾ, ಇರಲು ಮನೆ, ಎರಡೂ ಕಂಪನಿಯವರೇ ಕೊಟ್ಟರು. ಮಕ್ಕಳ ಶಾಲೆ ಮಾತ್ರ ನಮ್ಮ ಹಣೆಬರಹ. ಮಗಳು ಮೂರನೆಯ ಕ್ಲಾಸು, ಮಗ ಒಂದನೆಯ ಕ್ಲಾಸಿಗೆ ಸೇರಬೇಕು. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಎಲ್ಲವೂ ಸ್ವಾಹಿಲಿ ಭಾಷೆಯಲ್ಲಿ. ಕಾಂಟ್ರಾಕ್ಟ್ ಮುಗಿಸಿ ಊರಿಗೆ ಬಂದರೆ ಮಕ್ಕಳು ಅಲ್ಲಿಗೂ ಸಲ್ಲ, ಇಲ್ಲಿಗೂ ಸಲ್ಲ. ಹಾಗಾಗಿ ನಮ್ಮ ಕೈಗೆಟುಕುವ ಒಂದು ಇಂಟರ್‌ನ್ಯಾಷನಲ್ ಸ್ಕೂಲು ಸಿಗಬೇಕಿತ್ತು. ಸಿಕ್ಕರೆ ನಾಲ್ಕೂ ಜನ ಒಂದೇ ಸೂರಿನಡಿ. ಸಿಗದಿದ್ದರೆ ನಾನು ಮಕ್ಕಳನ್ನು ಕಟ್ಟಿಕೊಂಡು ಚಳ್ಳಕೆರೆಗೆ, ಅವರು ಒಬ್ಬರೇ ಅಲ್ಲಿ. ವಿಷಯ ಇಷ್ಟೇ. ಉಳಿದದ್ದೆಲ್ಲ ನೆಂಟರು ನಗುವ ಭಾಗ.

ಒಡೆದ ಕಾಯಿ

ಹೋದ ಹೊಸತರಲ್ಲೇ ಒಂದು ಸಂಜೆ ಗಂಡ ಏದುಸಿರು ಬಿಡುತ್ತ ಬಂದರು. ಒಂದು ಶಾಲೆಯ ಗೇಟಿನ ಬೋರ್ಡಿನಲ್ಲಿ ವರ್ಷದ ಫೀಜು ಓದಿಕೊಂಡು ಬಂದಿದ್ದರು.

"ಈ ಫೀಜಿಗೆ ನಮ್ಮೂರಲ್ಲಿ ಟ್ಯೂಷನ್ನೂ ಸಿಗಾಕಿಲ್ಲ ಕಣೇ!"

"ಇಷ್ಟು ಕಮ್ಮೀನಾ? ಸರಿಯಾಗಿ ನೋಡಿದ್ರಾ?"

"ನನ್ನ ಕಣ್ಣಿಗೇನಾಗೈತೆ?"

ಅವರು ಕೂತಲ್ಲಿಂದಲೇ ಚಳ್ಳಕೆರೆಗೆ ಫೋನು ಹಚ್ಚಿದರು. ಮಾವ ಮರುದಿನವೇ ಗೌರಸಮುದ್ರದ ಬಸ್ಸು ಹತ್ತಿ, ಮಾರಮ್ಮನ ಗುಡಿಯಲ್ಲಿ ಕಾಯಿ ಒಡೆಸಿ, ಓಣಿಗೆಲ್ಲ ಮಂಡಕ್ಕಿ ಸಕ್ಕರೆ ಹಂಚಿದರು. ಅದೇ ದಿನ ನಾವು ಮಕ್ಕಳಿಗೆ ತಲೆಬಾಚಿ, ಪೌಡರ್ ಹಚ್ಚಿ, ಆ ಶಾಲೆಯ ಗೇಟಿಗೆ ಹೋದೆವು. ಬೋರ್ಡಿನ ಅಂಕಿ ಗಂಡ ಹೇಳಿದ್ದೇ ಸರಿ. ಆದರೆ ಅಂಕಿಯ ಮುಂದೆ ಗೇಟಿನ ಹೂಬಳ್ಳಿ ಇಳಿಬಿದ್ದಿತ್ತು. ಎಲೆ ಸರಿಸಿ ನೋಡಿದೆ. ಹಿಂದೆ ಡಾಲರ್ ಗುರುತು ಕೂತಿತ್ತು. ಗಂಡ ಅದನ್ನು ಅಲ್ಲಿನ ಶಿಲ್ಲಿಂಗ್ ಅಂದುಕೊಂಡಿದ್ದರು.

ಒಳಗೆ ಹೋಗದೆ ಗೇಟಿನಿಂದಲೇ ತಿರುಗಿಬಂದೆವು. ಮಾವನಿಗೆ ಫೋನಿನಲ್ಲಿ ವಿಷಯ ಹೇಳಿದೆ. ಅವರು, "ಒಡೆದ ಕಾಯಿ ಕೂಡ್ಸಾಕೆ ಆಗ್ತೈತೇನಮ್ಮ? ಈಗ ಮಾರವ್ವಂಗೆ ಡಾಲರ್ ಅಂದ್ರೇನು ಅಂತ ನಾನು ಹೆಂಗೆ ತಿಳಿಸಿ ಹೇಳ್ಲಿ?" ಅಂದರು.

ಸೀರೆಯ ಒಳಮೈ

ಎರಡನೆಯ ಶಾಲೆಗೆ ಹೋಗುವ ಮುಂಚೆ ಮೊಳಕಾಲ್ಮೂರಿನಿಂದ ನಮ್ಮವ್ವ ಬುದ್ಧಿ ಹೇಳಿದಳು. ಅವ್ವ ಮದುವೆಗೆ ಮುಂಚಿನಿಂದ ರೇಷ್ಮೆ ಸೀರೆಯ ಮಗ್ಗದ ಮೇಲೆ ಕೂತವಳು. ಲೋಕವನ್ನೆಲ್ಲ ಅವಳು ಅಳೆಯುವುದು ಸೀರೆಯಿಂದಲೇ.

"ಮೇಲ್ಮೈ ನೋಡಿ ಮೋಸ ಹೋಗಬ್ಯಾಡ. ಸೀರೆ ತಿರುವಿ ಒಳಮೈ ನೋಡು. ದಾರ ಕಿತ್ತೈತಾ, ಗಂಟು ಬಿದ್ದೈತಾ, ಅಲ್ಲೇ ತಿಳೀತೈತೆ. ಸ್ಕೂಲೂ ಹಂಗೇ, ಅಂತೇ ಕದಾ!"

ಅದೂ ಸರಿ ಅನ್ನಿಸಿತು. ಗಂಡ ಮಿಲ್ಲಿಗೆ ಹೋಗಿದ್ದರು. ನಾನೊಬ್ಬಳೇ ಶಾಲೆಯ ಮುಂಬಾಗಿಲು ಬಿಟ್ಟು, ಕಾಂಪೌಂಡ್ ಸುತ್ತಿಕೊಂಡು ಹಿಂಬಾಗಿಲಿಗೆ ಹೋದೆ. ಅಲ್ಲಿ ಅಡುಗೆಮನೆ ಇತ್ತು. ಏಪ್ರನ್ ಕಟ್ಟಿದ ದಪ್ಪನೆಯ ಹೆಂಗಸೊಬ್ಬರು ನನ್ನನ್ನು ನೋಡಿ ಮುಖ ಅರಳಿಸಿ, ಕೈ ಹಿಡಿದು ಕೂರಿಸಿ, ಮುಂದೆ ಒಂದು ಬುಟ್ಟಿ ಈರುಳ್ಳಿ, ಒಂದು ಚಾಕು ಇಟ್ಟರು.

ಇಂಥ ಶಾಲೆಗಳಲ್ಲಿ ಮಕ್ಕಳ ಜೊತೆ ತಾಯಿಗೂ ಪರೀಕ್ಷೆ ಇರುತ್ತದೆ ಅಂತ ಕೇಳಿದ್ದೆ. ಇದೇ ಇರಬೇಕು ಅಂದುಕೊಂಡೆ. ಈರುಳ್ಳಿ ಬೆಳೆಯುವ ಸೀಮೆಯವಳಿಗೆ ಈರುಳ್ಳಿ ಕೊಟ್ಟರೆ ಬಿಡುತ್ತೇನೆಯೇ? ಮಕ್ಕಳ ಭವಿಷ್ಯವೇ ಅದರಲ್ಲಿದೆ ಅನ್ನುವ ಹಾಗೆ, ಕಣ್ಣಲ್ಲಿ ನೀರು ಸುರಿಸುತ್ತ, ಬುಟ್ಟಿ ಖಾಲಿ ಮಾಡಿದೆ. ಮ್ಯಾನೇಜರ್ ಬಂದು ನೋಡಿ, ತಲೆದೂಗಿ, ಸೋಮವಾರದಿಂದ ಬನ್ನಿ ಅಂದರು. ಸೀಟು ಸಿಕ್ಕಿಯೇಬಿಟ್ಟಿತು! ಸಂತೋಷದಲ್ಲಿ, "ಯೂನಿಫಾರ್ಮ್ ಎಲ್ಲಿ ಸಿಗುತ್ತದೆ?" ಅಂತ ಕೇಳಿದೆ.

ಅವರು ಒಳಗಿನಿಂದ ಒಂದು ಏಪ್ರನ್ ತಂದು ಕೊಟ್ಟರು. ನನ್ನ ಅಳತೆಯದೇ ಇತ್ತು.

ಆಮೇಲೆ ಮುಂಬಾಗಿಲಿನಿಂದ ಹೋಗಿ ವಿಚಾರಿಸಿದೆ. ಮಕ್ಕಳಿಗೆ ಸೀಟು ನಮ್ಮ ಶಕ್ತಿ ಮೀರಿದ್ದು. ನನಗೆ ಸಿಕ್ಕ ಅಡುಗೆಮನೆಯ ಕೆಲಸಕ್ಕಾದರೂ ಸೇರೋಣವೆಂದರೆ ನನ್ನ ವೀಸಾದವರು ಅಲ್ಲಿ ದುಡಿಯುವ ಹಾಗಿಲ್ಲ. ಅವ್ವನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳು ಒಂದೇ ಮಾತು ಕೇಳಿದಳು: "ಒಳಮೈ ಹೆಂಗಿತ್ತು?"

"ಒಳಮೈ ಚೆನ್ನಾಗಿತ್ತವ್ವ," ಅಂದೆ.

ಕುರಿಯ ಬೆನ್ನು

ಮೂರನೆಯ ಶಾಲೆಯ ಫೀಜು ಉಸಿರು ಬಿಗಿಹಿಡಿದರೆ ಕಟ್ಟಬಹುದಾದದ್ದು. ಅಲ್ಲಿ ನಿಜವಾಗಿಯೂ ಪರೀಕ್ಷೆ ಇತ್ತು. ಮಗಳು ಬರೆದು ಪಾಸಾದಳು. ಇಬ್ಬರೂ ಒಂದೇ ಶಾಲೆಗೆ ಹೋದರೆ ಮಾತ್ರ ಅಲ್ಲಿ ರಿಯಾಯಿತಿ, ಹಾಗಾಗಿ ಎಲ್ಲವೂ ಮಗನ ಮೇಲೆ ನಿಂತಿತ್ತು.

ಮಗ ಹುಟ್ಟಿದಾಗಿನಿಂದ ಅವನ ತಾತನ ಹೆಗಲ ಮೇಲೆ ಬೆಳೆದವನು. ನಮ್ಮ ಮಾವ ಕುರಿ, ದನಗಳ ಸಂತೆಯಲ್ಲಿ ದಲ್ಲಾಳಿ. ಸಂತೆ ಇದ್ದ ದಿನ ಮೊಮ್ಮಗನೂ ಅವರ ಜೊತೆಗೇ.

ಟೀಚರ್ ಒಂದು ಮೇಜಿನ ಮೇಲೆ ಬಟ್ಟೆಯ ಗೊಂಬೆಗಳನ್ನು ಹರಡಿ, "ನಿನಗೆ ಇಷ್ಟವಾದದ್ದು ತಗೊಂಡು ಆಡು" ಅಂದರು. ಇವನು ನೆಟ್ಟಗೆ ಹೋಗಿ ಕುರಿಯನ್ನು ಎತ್ತಿಕೊಂಡ. ತಾತ ಸಂತೆಯಲ್ಲಿ ಮಾಂಸ ಅಳೆಯುವ ಹಾಗೆ ಅದರ ಬೆನ್ನುಮೂಳೆಯ ಮೇಲೆ ಹೆಬ್ಬೆರಳು ಒತ್ತಿ ನೋಡಿದ. ಬಾಲದ ಬುಡ ಹಿಡಿದು ನೋಡಿದ. ಬಾಯಿ ಬಿಡಿಸಿ ಹಲ್ಲು ನೋಡಲು ಹೋದ. ಗೊಂಬೆಯ ಬಾಯಿ ಹೊಲಿದಿತ್ತು. ಕುರಿಯನ್ನು ಮೇಜಿನ ಮೇಲೆ ಇಟ್ಟು, ಕೈ ಕೊಡವಿಕೊಂಡು ಟೀಚರ್ ಕಡೆ ತಿರುಗಿ, "ಬೆನ್ನಾಗೆ ಏನೂ ಇಲ್ಲ. ಬ್ಯಾಡ," ಅಂದ.

ಟೀಚರ್ ಪಾಪ ಒಳ್ಳೆಯವರು. ಆಡು ಆಡು ಅಂತ ಮತ್ತೆ ಮತ್ತೆ ಕೊಟ್ಟರು. ಅವರು ಗಿರಾಕಿಯನ್ನು ಬಲವಂತ ಮಾಡುತ್ತಿದ್ದಾರೆ ಅಂತ ಇವನಿಗೆ ಸಿಟ್ಟು ಬಂತು. ನನ್ನ ಸೆರಗು ಜಗ್ಗಿ, "ಬಾರವ್ವ, ಬ್ಯಾರೆ ಕಡೆ ನೋಡಾನ," ಅಂದ.

ಎರಡು ದಿನ ಬಿಟ್ಟು ಫಲಿತಾಂಶ ಹೇಳಿದರು. ಬುದ್ಧಿ ಇದೆ, ಆದರೆ ಹುಡುಗನಿಗೆ ಆಟವಾಡಲು ಬರುವುದಿಲ್ಲ, ಮುಂದಿನ ವರ್ಷ ಕರೆದುಕೊಂಡು ಬನ್ನಿ. ದಿನವಿಡೀ ಮನೆಯಲ್ಲಿ ಒಂದು ಸಾಮಾನೂ ನೆಟ್ಟಗೆ ಇರಲು ಬಿಡದ ಮಗನಿಗೆ ಆಟ ಬರುವುದಿಲ್ಲ ಎಂದು ಕಂಡುಹಿಡಿದವರು ಪ್ರಪಂಚದಲ್ಲಿ ಅವರೊಬ್ಬರೇ.

ಟವೆಲ್ಲಿನ ಕೆಳಗೆ

ಅಷ್ಟರಲ್ಲಿ ಮಕ್ಕಳು ಶಾಲೆಯಿಲ್ಲದೆ ತಿಂಗಳುಗಟ್ಟಲೆ ಮನೆಯಲ್ಲೇ ಇದ್ದರು. ಪಕ್ಕದ ಮನೆಯ ಮಕ್ಕಳ ಜೊತೆ ಅಂಗಳದಲ್ಲಿ ಕುಣಿದು ಸ್ವಾಹಿಲಿ ಕಲಿತರು. ಅಪ್ಪನನ್ನು "ಬಾಬಾ" ಅನ್ನತೊಡಗಿದರು. ಗಂಡ ಮಿಲ್ಲಿನಿಂದ ಬಂದವರೇ, "ಎಲ್ಲಾದ್ರೂ ಆಯ್ತಾ?" ಅಂತ ಕೇಳುವರು, ನಾನು ಇಲ್ಲ ಅನ್ನುವೆ. ಆಮೇಲೆ ಅವರು ಕೇಳುವುದನ್ನೂ ಬಿಟ್ಟರು. ಅದರಿಂದ ನನಗೆ ಹೆಚ್ಚು ಸಂಕಟವಾಯಿತು.

ಇನ್ನು ಉಳಿದದ್ದು ಒಂದೇ ಶಾಲೆ. ಅಡ್ಮಿಷನ್ ಮೇಡಂ ಗುಜರಾತಿನ ಕಡೆಯವರು, ಹಿಂದಿ ಬರುತ್ತಿತ್ತು. ನನಗೂ ಒಂದಿಷ್ಟು ಬರುತ್ತಿತ್ತು. ಸ್ವಲ್ಪ ಇಳಿಸಬಹುದು, ಮಾತಾಡೋಣ ಅಂದರು. ಇದನ್ನು ಕೇಳಿದ್ದೇ ತಡ, ಮಾವ ಚಳ್ಳಕೆರೆಯಲ್ಲಿ ಎದ್ದು ಕೂತರು. "ವ್ಯಾಪಾರ ನೀವು ಮಾಡಬ್ಯಾಡ್ರಿ, ಕೆಡಿಸ್ತೀರಿ. ನನಗೆ ಬಿಡ್ರಿ. ಆಯಮ್ಮನ ಮುಂದೆ ಕೂತು ವಿಡಿಯೋ ಫೋನು ಹಚ್ಚು."

ನಮ್ಮ ಕಡೆ ಸಂತೆಯಲ್ಲಿ ದಲ್ಲಾಳಿಗಳು ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈ ಮೇಲೆ ಟವೆಲ್ ಮುಚ್ಚಿಕೊಂಡು, ಒಬ್ಬರ ಬೆರಳು ಇನ್ನೊಬ್ಬರು ಒತ್ತಿ ಹೇಳುತ್ತಾರೆ. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಇಬ್ಬರಿಗೇ ಗೊತ್ತು.

ಮೇಡಂ ಮೇಜಿನ ಮೇಲೆ ಫೋನು ಒರಗಿಸಿದೆ. ಪರದೆಯಲ್ಲಿ ಮಾವ ಬಂದರು, ಹಿಂದೆ ಕುರಿಗಳ ಗದ್ದಲ. ಕೈಮುಗಿದರು. ಮೇಡಂ ಕೂಡ ಮುಗಿದರು. ಮರುಗಳಿಗೆ ಪರದೆ ಕತ್ತಲಾಯಿತು.

"ಕ್ಯಾಮೆರಾ ಆಫ್ ಆಗಿದೆ, ಆನ್ ಮಾಡಲು ಹೇಳಿ," ಅಂದರು ಮೇಡಂ.

ಕತ್ತಲೊಳಗಿನಿಂದ ಮಾವನ ದನಿ: "ಆಫ್ ಆಗಿಲ್ಲಮ್ಮ, ಟವೆಲ್ ಮುಚ್ಚೀನಿ. ರೇಟು ನಾಕು ಜನರ ಮುಂದೆ ಆಡಬಾರದು. ಆಯಮ್ಮಂಗೂ ಮರ್ಯಾದೆ ಐತೆ."

"ಮಾವ, ಅವರಿಗೆ ಏನೂ ಕಾಣಿಸ್ತಿಲ್ಲ!"

"ಕಾಣಬಾರ್ದು. ಮುಟ್ಟಬೇಕು. ಬೆರಳು ಹಿಡಿದೀನಿ, ಮುಟ್ಟಿ ನೋಡಾಕೆ ಹೇಳು."

ನಾನು ನಾಚಿಕೆಯಿಂದ ಕುಗ್ಗಿ ಹಿಂದಿಯಲ್ಲಿ ಹೇಳಿದೆ. ಮೇಡಂ ಏನು ತಿಳಿದುಕೊಂಡರೋ, ದೊಡ್ಡ ಮನಸ್ಸು ಮಾಡಿ ತೋರುಬೆರಳು ಚಾಚಿ ಕತ್ತಲ ಪರದೆಯನ್ನು ಮುಟ್ಟಿದರು. ಬೆರಳು ಕೆಂಪು ಗುಂಡಿಗೆ ತಾಗಿ ಫೋನು ಕಟ್ ಆಯಿತು.

ಮೇಡಂ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ನಗಿಸಿದ್ದಕ್ಕೋ ಏನೋ, ಒಂದು ಮಗುವಿನ ಫೀಜಿನಲ್ಲಿ ಚೆನ್ನಾಗಿಯೇ ಇಳಿಸಿದರು. ಆದರೆ ಒಬ್ಬರಿಗೆ ಮಾತ್ರ. ಇನ್ನೊಂದು ಮಗುವನ್ನು ಏನು ಮಾಡುವುದು? ಮಗಳನ್ನು ಓದಿಸಿ ಮಗನನ್ನು ಊರಿಗೆ ಕಳಿಸುವುದೋ, ಮಗನನ್ನು ಇಟ್ಟುಕೊಂಡು ಮಗಳನ್ನು ಕಳಿಸುವುದೋ? ಅವತ್ತು ನಾವಿಬ್ಬರೂ ಊಟ ಮಾಡಲಿಲ್ಲ.

ಮಾವನ ಫೋನು ಬಂತು. "ಕೈ ಬಿಡಿಸ್ಕೊಂಡ್ಲಲ್ಲಮ್ಮ ಆಯಮ್ಮ! ಕೈ ಬಿಡಿಸ್ಕೊಂಡ್ರೆ ವ್ಯಾಪಾರ ಮುರೀತು ಅಂತ ಅರ್ಥ." ಒಬ್ಬರಿಗೆ ಆಗುತ್ತದಂತೆ ಅಂದೆ. ಅವರ ದನಿ ಇಳಿಯಿತು. "ಬ್ಯಾಡ ತಾಯಿ. ಜೋಡಿ ಮುರೀಬ್ಯಾಡ್ರಿ. ಜೋಡಿ ಮುರಿದ್ರೆ ಎತ್ತುಗಳೇ ಸೊರಗ್ತಾವೆ, ಇವು ಮಕ್ಕಳು."

ಹಾಗೆ ಮಕ್ಕಳ ಜೋಡಿ ಉಳಿಯಿತು, ನಾವು ಮೂವರು ಊರಿಗೆ ಹೊರಟೆವು. ಗಂಡ ಹೆಂಡಿರ ಜೋಡಿಗೆ ಎತ್ತಿನಷ್ಟು ಬೆಲೆ ಕಟ್ಟುವ ದಲ್ಲಾಳಿ ಯಾರೂ ಸಿಗಲಿಲ್ಲ.

ಒನ್ಸ್ ಮೋರ್

ಚಳ್ಳಕೆರೆಗೆ ಬಂದು ಮಕ್ಕಳನ್ನು ಸೇರಿಸಿದ್ದು ಊರಾಚೆ ಹೊಸದಾಗಿ ತೆರೆದಿದ್ದ ಒಂದು ಶಾಲೆಗೆ. ಅದರ ಹೆಸರೂ ಇಂಟರ್‌ನ್ಯಾಷನಲ್ ಸ್ಕೂಲೇ. ಫೀಜು ಕೈಗೆಟುಕುತ್ತಿತ್ತು, ಪರೀಕ್ಷೆ ಇರಲಿಲ್ಲ, ಈರುಳ್ಳಿಯೂ ಇರಲಿಲ್ಲ. ಅಲ್ಲಿದ್ದದ್ದು ಹತ್ತಿರದ ಪರಶುರಾಂಪುರದ ಮಕ್ಕಳು, ರಾಂಪುರದಿಂದ ಬಂದು ಅಜ್ಜಿಯ ಮನೆಯಲ್ಲಿರುವ ಮಕ್ಕಳು, ಹಳದಿ ವ್ಯಾನು. ನನ್ನ ಮಕ್ಕಳು ಟಾಂಜಾನಿಯಾದಿಂದ ಬಂದವರು ಎಂದು ತಿಳಿದಾಗ ಪ್ರಿನ್ಸಿಪಾಲರು ಕುರ್ಚಿಯಿಂದ ಎದ್ದೇ ನಿಂತರು. "ಬೋರ್ಡ್ ಹಾಕಿ ಮೂರು ವರ್ಷ ಆಯ್ತು ಕಣಮ್ಮ, ಇವತ್ತು ನಿಜ ಆಯ್ತು!"

ವಾರದೊಳಗೆ ಬಸ್‌ಸ್ಟ್ಯಾಂಡಿನ ಹತ್ತಿರ ದೊಡ್ಡ ಫ್ಲೆಕ್ಸ್ ಎದ್ದಿತು. "ನಮ್ಮ ವಿದೇಶಿ ವಿದ್ಯಾರ್ಥಿಗಳು" ಅಂತ ನನ್ನ ಮಗ ಮಗಳ ಫೋಟೊ, ಹಿಂದೆ ಒಂದು ವಿಮಾನ, ಒಂದು ಜಿರಾಫೆ. ಫೋಟೊ ತೆಗೆದು ಗಂಡನಿಗೆ ಕಳಿಸಿದೆ. ಅವರು ತುಂಬ ಹೊತ್ತು ಬಿಟ್ಟು, "ಮಗ ಸೊರಗ್ಯಾನೆ" ಅಂತ ಮಾತ್ರ ಬರೆದರು.

ಶಾಲೆಯ ವಾರ್ಷಿಕೋತ್ಸವ ಬಂತು. ಮಗಳು ವೇದಿಕೆಯ ಮೇಲೆ ವಿದೇಶಿ ಭಾಷೆಯಲ್ಲಿ ಎರಡು ಮಾತಾಡಬೇಕು ಎಂದು ಪ್ರಿನ್ಸಿಪಾಲರ ಅಪ್ಪಣೆ. ಏನು ಮಾತಾಡುತ್ತೀಯೆ ಅಂದರೆ, "ಸುಮ್ನಿರವ್ವ, ನಂಗೆ ಗೊತ್ತೈತೆ" ಅಂದಳು. ಶಾಮಿಯಾನ ತುಂಬ ಜನ. ಮಾವ ಹೊಸ ಪಂಚೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಪ್ರಿನ್ಸಿಪಾಲರು, "ಈಗ ಆಫ್ರಿಕಾ ಖಂಡದ ಭಾಷೆ!" ಅಂತ ಮೈಕಿನಲ್ಲಿ ಗುಡುಗಿದರು.

ಮಗಳು ಮೈಕಿನ ಮುಂದೆ ಬಂದು, ಬಾಗಿಲ ಕಡೆ ನೋಡುತ್ತ, ಒಂದೇ ಒಂದು ಸಾಲು ಹೇಳಿದಳು.

"ಬಾಬಾ, ಉತರುದಿ ಲಿನಿ?"

ಅಪ್ಪ, ಯಾವಾಗ ವಾಪಸ್ ಬರ್ತೀಯ? ಅಲ್ಲಿದ್ದಾಗ ಅವರು ಬೆಳಗ್ಗೆ ಮಿಲ್ಲಿಗೆ ಹೊರಟರೆ ಇಬ್ಬರೂ ಗೇಟಿಗೆ ಜೋತುಬಿದ್ದು ದಿನಾ ಕೇಳುತ್ತಿದ್ದ ಮಾತು ಅದು. ಅವರು "ಸಂಜೆಗೆ" ಅನ್ನುತ್ತಿದ್ದರು. ಆ ಶಾಮಿಯಾನದಲ್ಲಿ ಅದರ ಅರ್ಥ ಗೊತ್ತಿದ್ದದ್ದು ನಮಗೆ ಮೂವರಿಗೇ. ನನ್ನ ತೊಡೆಯ ಮೇಲೆ ಕೂತಿದ್ದ ಮಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡ.

ಜನರಿಗೆ ಹುಚ್ಚು ಹಿಡಿದಂತಾಯಿತು. ನಮ್ಮ ಸೀಮೆಯವರಿಗೆ ಬಯಲಾಟ, ನಾಟಕ ಅಂದರೆ ಪ್ರಾಣ. ಚೆನ್ನಾಗಿದ್ದರೆ ಒಂದು ಸಲಕ್ಕೆ ಬಿಟ್ಟು ಅಭ್ಯಾಸವೇ ಇಲ್ಲ. ಶಿಳ್ಳೆ ಹೊಡೆದು, "ಒನ್ಸ್ ಮೋರ್! ಒನ್ಸ್ ಮೋರ್!" ಎಂದು ಕೂಗಿದರು. ಮಗಳು ಮತ್ತೆ ಕೇಳಿದಳು. ಮತ್ತೆ ಶಿಳ್ಳೆ, ಮತ್ತೆ ಒನ್ಸ್ ಮೋರ್. ಈ ಸಲ ಜೋರಾಗಿ ಕೇಳಿದಳು. ಪಕ್ಕದಲ್ಲಿದ್ದ ಹೆಂಗಸು ನನ್ನ ಭುಜ ತಟ್ಟಿ, "ಖುಷಿಗೆ ಅಳಬಾರ್ದು ಕಣಮ್ಮ" ಅಂದಳು.

ಆಗ ಮಾವ ತಡೆಯಲಾರದೆ ಎದ್ದು ವೇದಿಕೆ ಹತ್ತಿದರು. ನಾಟಕದಲ್ಲಿ ಪಾತ್ರಧಾರಿಗಳಿಗೆ ಬಹುಮಾನ ಕೊಡುವ ಹಾಗೆ, ಮೊಮ್ಮಗಳ ಫ್ರಾಕಿಗೆ ಒಂದು ನೋಟು ಪಿನ್ನು ಚುಚ್ಚಿ, ಮೈಕು ಕೈಗೆ ತೆಗೆದುಕೊಂಡರು.

"ನನ್ನ ಮೊಮ್ಮಗಳು ಏನಂದ್ಲೋ ನನಗೆ ತಿಳೀಲಿಲ್ಲ. ಆದ್ರೆ ಭಾಳ ಚೆನ್ನಾಗಿ ಅಂದ್ಲು!" ಅಂದರು. ಶಾಮಿಯಾನ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಅವರು ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದು, ಕೆನ್ನೆ ಸವರಿ, "ಇನ್ನೊಂದು ಸಲ ಅನ್ನವ್ವ, ಎಲ್ಲಾರಿಗೂ ಕೇಳ್ಲಿ," ಅಂದರು.

ಅವಳು ಇನ್ನೊಂದು ಸಲ ಅಂದಳು.